ಮೊದಲು ತಟ್ಟೆ ನೋಡಿ, ಆಮೇಲೆ ಬಾಟಲಿ ಆರಿಸಿ

ಮೊನ್ನೆ ಭಾನುವಾರ ತಿಂಡಿಗೆ ಹೊಂದದ ವೈನ್ ತಂದದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬರೆಯದೆ ಇಳಿಯೋದೂ ಇಲ್ಲ ಅನ್ನಿಸಿತು. ಅದಕ್ಕೇ ಇಷ್ಟುದ್ದದ ಬರಹ, ಸಮಾಧಾನವಾಗಿ ಕೂತು ಓದಿ.

ನಮ್ಮ ಹಳೇ ಕಾಲೇಜು ಗುಂಪು ಕಾರವಾರದ ಹತ್ತಿರ, ಗೋವಾ ಗಡಿಯ ಮಾಜಾಳಿ ಕಡೆ ಸಮುದ್ರದ ಪಕ್ಕ ಒಂದು ದಿನಕ್ಕೆ ಮನೆ ಹಿಡಿದಿತ್ತು. ಅಡುಗೆಗೆ ಅಲ್ಲಿಯವರೇ ಒಬ್ಬರು ಅಕ್ಕ. ಬೆಳಿಗ್ಗೆ ಬೈತಖೋಲ ಬಂದರಿನಿಂದ ತಂದ ಮೀನು. ಮೇಜಿನ ಮೇಲೆ ಏನೇನಿತ್ತು ಹೇಳ್ತೇನೆ ಕೇಳಿ. ನೊಗ್ಲಿ ರವೆ ಫ್ರೈ. ಮಂಗಳೂರು ಕಡೆ ಕಾಣೆ ಅಂತಾರಲ್ಲ, ಅದೇ. ಮೆಣಸಿನಪುಡಿ, ಅರಿಶಿನ, ಮುರುಗಲು (ಕೋಕಂ) ರಸ ಹಚ್ಚಿ ಸ್ವಲ್ಪ ಹೊತ್ತು ಇಟ್ಟು, ಸಣ್ಣ ರವೆಯಲ್ಲಿ ಹೊರಳಿಸಿ, ಕಾವಲಿ ಮೇಲೆ ತೆಂಗಿನೆಣ್ಣೆ ಹಾಕಿ ಆ ಅಕ್ಕ ಒಂದೊಂದಾಗಿ ಮಗುಚುತ್ತಿದ್ದರು. ಅಂಚು ಗರಿಗರಿ, ಮುರಿದರೆ ಒಳಗಿಂದ ಹಬೆ. ಆಮೇಲೆ ತಿಸ್ರೆ ಅನ್ನುವ ಚಿಪ್ಪುಮೀನಿನ ಸುಕ್ಕೆ, ತೆಂಗಿನತುರಿ ಕೈ ಬಿಚ್ಚಿ ಹಾಕಿದ್ದು. ಖಾರ ಮಸಾಲೆಯಲ್ಲಿ ಹುರಿದ ಸಿಗಡಿ. ಉಪ್ಪು ಹಾಕಿ ಹುರಿದ ಗೋಡಂಬಿ. ಶಿರಸಿಯಿಂದ ಬಂದ ಗೆಳತಿ ಮೀನು ಮುಟ್ಟೋದಿಲ್ಲ. ಅವಳು ಮನೆಯಲ್ಲೇ ಕರಿದ ಹಲಸಿನ ಹಪ್ಪಳ ಮತ್ತು ಬಾಳೆಕಾಯಿ ಚಿಪ್ಸ್ ಡಬ್ಬ ತುಂಬಿಕೊಂಡು ಬಂದಿದ್ದಳು.

ಇಂಥ ಮೇಜಿಗೆ ಬಂದ ವೈನ್ ಯಾವುದು? ಎಲ್ಲಾ ಬಾಟಲಿಯೂ ಒಂದೇ ಥರ. ದಪ್ಪ, ಗಾಢ ಕೆಂಪು ವೈನ್. ಮರದ ಪೀಪಾಯಿಯಲ್ಲಿ ಇಟ್ಟದ್ದು, ಆಲ್ಕೋಹಾಲ್ ಶೇಕಡಾ 14ರ ಹತ್ತಿರ. ಬೆಳಿಗ್ಗೆಯಿಂದ ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಕಾದು ಬಂದದ್ದು. ತಂದ ಗೆಳೆಯ ಒಳ್ಳೆಯವನೇ. ದುಡ್ಡೂ ಅವನೇ ಹಾಕಿದ್ದ. ಆದರೆ ಏನು ತಿಂಡಿ ಇದೆ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಅಂಗಡಿಯಲ್ಲಿ ಜಾಸ್ತಿ ಬೆಲೆಯದ್ದು ಯಾವುದು ಅಂತ ಕೇಳಿದ್ದ, ಅಷ್ಟೇ.

ಎಲ್ಲರೂ ಒಂದೊಂದು ಗುಟುಕು ಕುಡಿದರು. ಮುಖ ಹಿಂಡಿದರು. ಜನ್ಮದಲ್ಲಿ ಮೊದಲ ಸಲ ವೈನ್ ರುಚಿ ನೋಡಿದ ಒಬ್ಬ ಗೆಳತಿ ಸಿಗಡಿ ಬಾಯಲ್ಲಿ ಇಟ್ಟುಕೊಂಡೇ ಒಂದು ಗುಟುಕು ಎಳೆದಳು. ಕಣ್ಣಲ್ಲಿ ನೀರು ಬಂತು. "ಬಾಯಿ ಉರಿತಾ ಇದೆ, ನಂಗೆ ವೈನ್ ಆಗಿಬರಲ್ಲ ಬಿಡು" ಅಂದುಬಿಟ್ಟಳು. ಶಿರಸಿಯವಳು ಗ್ಲಾಸು ದೂರ ಸರಿಸಿ, "ನಾಲಿಗೆ ಎಲ್ಲಾ ಒಗರು ಒಗರು ಆತು ಮಾರಾಯ್ತಿ" ಅಂದಳು. ಗಂಡಸರು ಅರ್ಧ ಗಂಟೆಯಲ್ಲಿ ವಿಸ್ಕಿಗೆ ಹೋದರು. ಬಾಟಲಿಗಳು ಅರ್ಧರ್ಧ ಉಳಿದವು.

ನನಗೆ ನೋವಾಗಿದ್ದು ದುಡ್ಡು ಹಾಳಾಯ್ತು ಅಂತಲ್ಲ. ಮೊದಲ ಸಲ ರುಚಿ ನೋಡಿದ ಆ ಗೆಳತಿ ಇನ್ನು ಯಾವತ್ತೂ ವೈನ್ ಮುಟ್ಟೋದಿಲ್ಲ. ವೈನ್ ಅಂದರೆ ಬಾಯಿ ಉರಿಸುವ ವಸ್ತು ಅಂತ ಅವಳ ಮನಸ್ಸಲ್ಲಿ ಕೂತುಬಿಟ್ಟಿತು. ತಪ್ಪು ವೈನ್‌ದೂ ಅಲ್ಲ, ಅವಳ ನಾಲಿಗೆಯದೂ ಅಲ್ಲ. ತಟ್ಟೆ ನೋಡದೆ ಬಾಟಲಿ ಆರಿಸಿದ್ದೇ ತಪ್ಪು.

ನಾನು ಗೋವಾದ ಹೋಟೆಲುಗಳಲ್ಲಿ ಏನು ಕೆಲಸ ಮಾಡುತ್ತಿದ್ದೆ ಅಂತ ನಿಮಗೆಲ್ಲಾ ಗೊತ್ತು. ಮೇಜಿಗೆ ಊಟ ಬಡಿಸೋದು, ವೈನ್ ಸುರಿಯೋದು, ಯಾರು ಯಾವುದಕ್ಕೆ ಮುಖ ಹಿಂಡುತ್ತಾರೆ ಅಂತ ದೂರದಿಂದ ನೋಡೋದು. ಆದರೂ ಮೊನ್ನೆ ಬಾಟಲಿ ಆರಿಸುವಾಗ ಯಾರಿಗೂ ನನ್ನ ನೆನಪು ಬರಲಿಲ್ಲ. ಇದು ಹೊಸದೇನಲ್ಲ. ಹೋಟೆಲಿನಲ್ಲೂ ವೈನ್ ಪಟ್ಟಿ ಹೋಗೋದು ಮೇಜಿನಲ್ಲಿರುವ ಗಂಡಸಿನ ಕೈಗೇ. ಅದರಲ್ಲೂ ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವವನ ಕೈಗೆ. ಅವನು ಬಲಗಡೆಯ ಬೆಲೆ ನೋಡ್ತಾನೆ. ಎಡಗಡೆ ಏನು ಬರೆದಿದೆ ಅಂತ ಓದೋದೇ ಇಲ್ಲ.

ಸರಿ, ಯಾಕೆ ಹಾಗಾಯ್ತು ಅಂತ ಬಿಡಿಸಿ ಹೇಳ್ತೇನೆ.

ಕೆಂಪು ವೈನ್ ಮಾಡುವಾಗ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜದ ಜೊತೆಗೇ ಹುಳಿಯಲು ಬಿಡುತ್ತಾರೆ. ಬಣ್ಣ ಬರುವುದು ಸಿಪ್ಪೆಯಿಂದಲೇ. ಅದರ ಜೊತೆ ಟ್ಯಾನಿನ್ ಕೂಡ ಇಳಿಯುತ್ತದೆ. ಅದೇ ಒಗರು. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಬಾಯಿ ಒಣಗಿದ ಹಾಗೆ ಆಗುತ್ತದೆ. ಗೇರುಹಣ್ಣು ಕಚ್ಚಿ ತಿಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಗಂಟಲು ಹಿಡಿಯುತ್ತದಲ್ಲ, ಅದೇ ಅನುಭವ. ಕೊಬ್ಬಿರುವ ಮಾಂಸದ ಜೊತೆ ಈ ಒಗರು ಮೆತ್ತಗಾಗುತ್ತದೆ. ಅದಕ್ಕೇ ಕುರಿ ಮಾಂಸಕ್ಕೆ ಗಾಢ ಕೆಂಪು ವೈನ್ ಚೆನ್ನಾಗಿ ಹೊಂದುತ್ತದೆ. ನೊಗ್ಲಿಯಲ್ಲಿ ಅಂಥ ಕೊಬ್ಬು ಎಲ್ಲಿದೆ? ಅದು ಮೆತ್ತಗಿನ, ಸಣ್ಣ ಸಿಹಿ ಇರುವ ಮೀನು. ಟ್ಯಾನಿನ್ ಬಂದು ಕೂತರೆ ಮೀನಿನ ರುಚಿ ಸತ್ತೇ ಹೋಗುತ್ತದೆ.

ಇನ್ನು ಕಬ್ಬಿಣ. 2009ರಲ್ಲಿ ಜಪಾನಿನ ಸಂಶೋಧಕರು ಬೇರೆ ಬೇರೆ ವೈನ್‌ಗಳನ್ನು ಸ್ಕಾಲಪ್ ಎಂಬ ಚಿಪ್ಪುಮೀನಿನ ಜೊತೆ ರುಚಿ ನೋಡಿಸಿದರು. ಯಾವ ವೈನ್‌ನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇತ್ತೋ ಅದರಲ್ಲಿ ಹಳಸಿದ ಮೀನಿನಂಥ ವಾಸನೆ ಜಾಸ್ತಿ ಬಂತು. ಕಬ್ಬಿಣ ಸಾಮಾನ್ಯವಾಗಿ ಜಾಸ್ತಿ ಸಿಗುವುದು ಕೆಂಪು ವೈನ್‌ಗಳಲ್ಲಿ. ಎಲ್ಲಾ ಕೆಂಪಿನಲ್ಲೂ ಇಲ್ಲ, ಕೆಲವು ಬಿಳಿಯಲ್ಲೂ ಇರುತ್ತದೆ, ಆ ಮಾತು ಬೇರೆ. ಮೊನ್ನೆ ತಿಸ್ರೆ ತಿಂದು ವೈನ್ ಕುಡಿದ ಒಬ್ಬ "ತಿಸ್ರೆ ಹಾಳಾಗಿದೆಯಾ ನೋಡಿ" ಅಂತ ಅಡುಗೆಯ ಅಕ್ಕನಿಗೆ ಕೇಳಿದ. ಆ ಹೆಂಗಸಿನ ಮುಖ ನೋಡಬೇಕಿತ್ತು. ಬೆಳಗಿನ ಜಾವ ತಾಜಾ ಹೆಕ್ಕಿದ ತಿಸ್ರೆ, ಮರಳು ಹೋಗುವವರೆಗೆ ನೀರಲ್ಲಿ ಇಟ್ಟು, ಒಂದೊಂದೇ ತೊಳೆದು ಮಾಡಿದ್ದರು. ತಪ್ಪು ಬಾಟಲಿಯದು, ಬೈಗುಳ ಅಡುಗೆಯವರಿಗೆ. ಇದನ್ನು ಮಾತ್ರ ನನಗೆ ಸಹಿಸಲು ಆಗಲಿಲ್ಲ.

ಖಾರದ ವಿಷಯ ಇನ್ನೂ ಮುಖ್ಯ. ಮೆಣಸಿನ ಉರಿ ಅಂದರೆ ನಿಜವಾಗಿ ರುಚಿಯಲ್ಲ. ಬಾಯಿಯಲ್ಲಿ ಬಿಸಿಯನ್ನು ಗುರುತಿಸುವ ನರಗಳನ್ನು ಮೆಣಸಿನ ಕ್ಯಾಪ್ಸೈಸಿನ್ ಕೆಣಕುತ್ತದೆ. ಆಲ್ಕೋಹಾಲ್ ಕೂಡ ಅದೇ ನರಗಳನ್ನೇ ಕೆಣಕುವಂಥದ್ದು. ಎರಡೂ ಒಟ್ಟಿಗೆ ಸೇರಿದರೆ ಉರಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಖಾರದ ಸಿಗಡಿ ಮೇಲೆ ಶೇಕಡಾ 14ರ ಬೆಚ್ಚಗಿನ ಕೆಂಪು ವೈನ್ ಹಾಕಿದರೆ ಕಣ್ಣಲ್ಲಿ ನೀರು ಬರದೆ ಇನ್ನೇನು ಬರುತ್ತದೆ? ನಮ್ಮ ಕರಾವಳಿಯ ತಿಂಡಿಗೆ ಬೇಕಾದ್ದು ಆಲ್ಕೋಹಾಲ್ ಕಮ್ಮಿ ಇರುವ, ಚೆನ್ನಾಗಿ ತಣ್ಣಗಿರುವ, ನಾಲಿಗೆಗೆ ಸ್ವಲ್ಪ ಸಿಹಿ ತಾಗುವ ಬಿಳಿ ವೈನ್. ಆ ಸಿಹಿ ಖಾರವನ್ನು ಹಿಡಿದು ನಿಲ್ಲಿಸುತ್ತದೆ.

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಾಸಿಕದ ಶೆನಾನ್ ಬ್ಲಾಂಕ್ ಎಂಬ ಬಿಳಿ ವೈನ್ ಇದೆ. ಅಲ್ಲಿಯ ಸುಲಾ ಎಂಬ ವೈನ್ ಕಂಪನಿಯವರು 2000ದಲ್ಲಿ ಮೊದಲು ಮಾರುಕಟ್ಟೆಗೆ ತಂದ ವೈನ್‌ಗಳಲ್ಲಿ ಅದೂ ಒಂದು. ಹಣ್ಣಿನ ಪರಿಮಳ, ಸಣ್ಣ ಸಿಹಿ, ಮುರುಗಲು ಹಚ್ಚಿದ ಮೀನಿನ ಎದುರು ನಿಲ್ಲುವಷ್ಟು ಹುಳಿ. ರವೆ ಫ್ರೈಗೆ ಇದಕ್ಕಿಂತ ಸುಲಭದ ಜೋಡಿ ನನಗೆ ಗೊತ್ತಿಲ್ಲ. ನಮ್ಮ ಕರ್ನಾಟಕದಲ್ಲೇ ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ಅವರ ದ್ರಾಕ್ಷಿತೋಟ 1988ರಿಂದ ಇದೆ. ಅವರ ವಿಯೋನ್ಯೇ ಎಂಬ ಬಿಳಿ ವೈನ್ ಸ್ವಲ್ಪ ಮೈದುಂಬಿದ್ದು, ಪರಿಮಳ ಜಾಸ್ತಿ. ತೆಂಗಿನತುರಿ ಹಾಕಿದ ಸುಕ್ಕೆಗೆ ಅಂಥದ್ದು ಹೊಂದುತ್ತದೆ, ಯಾಕೆಂದರೆ ತೆಂಗಿನಕಾಯಿಯ ಜಿಡ್ಡಿನ ಮುಂದೆ ತೆಳ್ಳಗಿನ ವೈನ್ ಕಾಣೆಯಾಗಿಬಿಡುತ್ತದೆ. ಸೋವಿನ್ಯೋ ಬ್ಲಾಂಕ್ ಅಂತ ಇನ್ನೊಂದು, ಹಸಿರು ಹಸಿರು ವಾಸನೆ, ಹುಳಿ ಜಾಸ್ತಿ, ಸಿಹಿ ಇಲ್ಲ. ಖಾರ ಹಾಕದೆ ಬೆಳ್ಳುಳ್ಳಿಯಲ್ಲಿ ಬಾಡಿಸಿದ ಮಾಣ್ಕಿಗೆ (ಸ್ಕ್ವಿಡ್), ನಿಂಬೆ ಹಿಂಡಿದ ಮೀನಿಗೆ ಅದು ಸರಿ. ಖಾರ ಮಸಾಲೆಗೆ ಬೇಡ.

ಕಾಲ್ವಾ, ಅಂದರೆ ಆಯ್‌ಸ್ಟರ್ ಎಂಬ ಚಿಪ್ಪುಮೀನು, ಸಿಕ್ಕ ದಿನ ಮಾತ್ರ ಬೇರೆ ಲೆಕ್ಕ. ಫ್ರಾನ್ಸಿನಲ್ಲಿ ಲುವಾರ್ ನದಿ ಅಟ್ಲಾಂಟಿಕ್ ಸೇರುವ ಕಡೆ ಮಸ್ಕಡೆ ಅಂತ ಒಂದು ಬಿಳಿ ವೈನ್ ಮಾಡುತ್ತಾರೆ. ತೆಳ್ಳಗೆ, ಹುಳಿ, ಉಪ್ಪಿನ ಗಾಳಿ ತಾಗಿದಂಥ ರುಚಿ. ಅಲ್ಲಿಯ ಜನ ತಲೆಮಾರುಗಳಿಂದ ಅದನ್ನು ಕಾಲ್ವಾ ಜೊತೆಗೇ ಕುಡಿಯುತ್ತಾರೆ. ನದಿ ಸಮುದ್ರ ಸೇರುವ ಜಾಗ, ಅಲ್ಲಿಯ ಚಿಪ್ಪುಮೀನು, ಅದರ ಪಕ್ಕದಲ್ಲೇ ಬೆಳೆದ ವೈನ್. ಕಾಳಿ, ಅಘನಾಶಿನಿ ದಂಡೆಯ ನಮಗೆ ಇದು ಅರ್ಥವಾಗದ ವಿಷಯವಲ್ಲ. ಅವರು ಮೊದಲು ತಟ್ಟೆ ನೋಡಿದರು. ಅದಕ್ಕೆ ಸರಿಯಾದ್ದು ಬಾಟಲಿಗೆ ಬಂತು.

ಶಿರಸಿ ಗೆಳತಿಯ ಹಪ್ಪಳದ ಬಗ್ಗೆ ಯಾರೂ ಯೋಚನೆಯನ್ನೇ ಮಾಡಿರಲಿಲ್ಲ. ಸಸ್ಯಾಹಾರಿ ಬಂದರೆ ಅವಳ ತಿಂಡಿ ಲೆಕ್ಕಕ್ಕೇ ಇಲ್ಲ ಅನ್ನುವ ಹಾಗೆ ನಡೆದುಕೊಳ್ಳುತ್ತೇವೆ, ಯಾಕೆ? ಕರಿದ ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಉಪ್ಪು ಗೋಡಂಬಿ, ಈ ಮೂರಕ್ಕೂ ನೊರೆ ಬರುವ ವೈನ್, ಅಂದರೆ ಸ್ಪಾರ್ಕ್ಲಿಂಗ್, ಹೇಳಿ ಮಾಡಿಸಿದ್ದು. ಎಣ್ಣೆ, ಉಪ್ಪು ಇದ್ದ ಕಡೆ ಗುಳ್ಳೆ ಮತ್ತು ಹುಳಿ ಬಾಯಿ ತೊಳೆದುಕೊಡುತ್ತವೆ. ಪ್ರತಿ ಹಪ್ಪಳವೂ ಮೊದಲನೇ ಹಪ್ಪಳದಷ್ಟೇ ರುಚಿ ಇರುತ್ತದೆ. ಶಾಂಪೇನೇ ಬೇಕು ಅಂತಿಲ್ಲ, ನಾಸಿಕದಲ್ಲೇ ಒಳ್ಳೆಯ ಸ್ಪಾರ್ಕ್ಲಿಂಗ್ ಮಾಡುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಆ ಹೊತ್ತಿಗೆ ಮೇಜಿಗೆ ತರಬೇಡಿ. ಅದರ ಹುಳಿ-ಉಪ್ಪಿನ ಮುಂದೆ ಯಾವ ವೈನೂ ನೀರು ನೀರಾಗುತ್ತದೆ. ಮುರುಗಲು, ತೆಂಗಿನಹಾಲಿನ ಸೋಲಕಡಿಯೂ ಹಾಗೇ. ಎರಡನ್ನೂ ಅನ್ನದ ಹೊತ್ತಿಗೆ ಇಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಇನ್ನೊಂದು ವಿಷಯ ಹೇಳಲೇಬೇಕು. ವೈನ್ ತಿಳಿಯಾಗಲಿ ಅಂತ ಕೆಲವು ಕಡೆ ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಬಳಸುತ್ತಾರೆ. ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುವವರೂ ಬೇಕಾದಷ್ಟು ಜನ ಇದ್ದಾರೆ. ಮಡಿ-ಮೈಲಿಗೆ ನೋಡುವ ಮನೆಯಿಂದ ಬಂದವರನ್ನು ಕರೆದಾಗ ಇದನ್ನು ವಿಚಾರಿಸಿ ತರುವುದು ನಮ್ಮ ಕೆಲಸ. ಕುಡಿದಾದ ಮೇಲೆ ಹೇಳುವುದಲ್ಲ.

ಈಗ ನಿಮ್ಮಲ್ಲಿ ಒಬ್ಬರು ಕಾಮೆಂಟಿನಲ್ಲಿ ಬರೆಯುವ ಮಾತು ನನಗೆ ಈಗಲೇ ಕೇಳುತ್ತಾ ಇದೆ. "ರುಚಿ ಅವರವರದು, ಯಾರಿಗೆ ಏನು ಇಷ್ಟವೋ ಅದು ಕುಡಿಯಲಿ, ಇದಕ್ಕೆಲ್ಲಾ ಶಾಸ್ತ್ರ ಯಾಕೆ?" ಒಬ್ಬರೇ ಮನೆಯಲ್ಲಿ ಕೂತು ಕುಡಿಯುವಾಗ ಖಂಡಿತ ಸರಿ, ಬಂಗಡೆ ಜೊತೆ ಏನು ಬೇಕಾದರೂ ಕುಡಿಯಿರಿ. ಆದರೆ ಇಡೀ ಗುಂಪಿಗೆ ಆರಿಸುವಾಗ ಆ ಮಾತು ನಡೆಯೋದಿಲ್ಲ. ಆಗ ನಿಮ್ಮ ಇಷ್ಟ ಹತ್ತು ಜನರ ಗ್ಲಾಸಿಗೆ ಬೀಳುತ್ತದೆ. ಖಾರ ತಡೆಯದವರು, ಮೀನು ತಿನ್ನದವರು, ಮೊದಲ ಸಲ ರುಚಿ ನೋಡುವವರು ಎಲ್ಲರೂ ಅಲ್ಲಿರುತ್ತಾರೆ. ಅವರ ತಟ್ಟೆ ನೋಡೋದು ಶಾಸ್ತ್ರವಲ್ಲ, ಮರ್ಯಾದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಏನು ಬಡಿಸಬೇಕು ಅಂತ ಎಷ್ಟು ಜನ ಕೂತು ಮಾತಾಡ್ತೀರಿ, ಇಲ್ಲಿ ಎರಡು ನಿಮಿಷ ಮಾತಾಡೋಕೆ ಏನು ಕಷ್ಟ?

ಬಿಯರ್ ಇದೆಯಲ್ಲ ಅಂತ ಇನ್ನೊಬ್ಬರು ಹೇಳ್ತಾರೆ. ಇದೆ. ಖಾರದ ಮೀನಿಗೆ ತಣ್ಣನೆ ಬಿಯರ್ ಒಪ್ಪುತ್ತದೆ, ಇಲ್ಲ ಅನ್ನೋದಿಲ್ಲ. ಆದರೆ ವೈನ್ ತರ್ತೀನಿ ಅಂತ ಒಪ್ಪಿಕೊಂಡ ಮೇಲೆ ಸರಿಯಾದ್ದನ್ನು ತರಬೇಕು.

"ಕೆಂಪೇ ನಿಜವಾದ ವೈನ್, ಬಿಳಿ ಹೆಂಗಸರಿಗೆ" ಅನ್ನುವ ಮಾತಿಗೆ ನಾನು ಉತ್ತರ ಕೊಡೋದೇ ಇಲ್ಲ. ನಮ್ಮ ಕಡೆ ಈ ನಂಬಿಕೆ ಎಲ್ಲಿಂದ ಬಂತು ಅಂತ ಮಾತ್ರ ನನಗೆ ಗೊತ್ತು. ಗಡಿ ದಾಟಿದರೆ ಗೋವಾ. ಅಲ್ಲಿ ಕಡಿಮೆ ಬೆಲೆಗೆ ಸಿಗುವ ಸಿಹಿ ಕೆಂಪು ಪೋರ್ಟ್ ವೈನ್ ನೋಡಿಯೇ ಕಾರವಾರದ ನಾವೆಲ್ಲಾ ಬೆಳೆದದ್ದು. ಪೋರ್ಚುಗಲ್ಲಿನ ಡೋರು ಕಣಿವೆಯ ನಿಜವಾದ ಪೋರ್ಟ್ ಬೇರೆಯೇ. ಅದಕ್ಕೆ ದ್ರಾಕ್ಷಿಯ ಮದ್ಯ ಸೇರಿಸಿ ಶೇಕಡಾ 20ರ ಹತ್ತಿರಕ್ಕೆ ಏರಿಸುತ್ತಾರೆ. ಊಟದ ಕೊನೆಗೆ ಚೀಸ್, ಸಿಹಿತಿಂಡಿ ಜೊತೆ ಸಣ್ಣ ಗ್ಲಾಸಿನಲ್ಲಿ ಕುಡಿಯುವಂಥದ್ದು. ಅಂದಹಾಗೆ ಗೋವಾದಿಂದ ಪರ್ಮಿಟ್ ಇಲ್ಲದೆ ಬಾಟಲಿ ತರೋದು ಬೇಡ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದು ಪಿಕ್ನಿಕ್ ಅಲ್ಲೇ ಮುಗಿಸಿಕೊಳ್ಳೋದು ಯಾಕೆ?

ಕೆಂಪು ವೈನ್ ಮೇಲೆ ನನಗೇನೂ ದ್ವೇಷ ಇಲ್ಲ. ಚಿಕನ್ ಸುಕ್ಕಾ, ಮಟನ್ ಇದ್ದರೆ ಒಂದು ಹಗುರವಾದ ಕೆಂಪು ಇರಲಿ. ಆದರೆ ಅದನ್ನೂ ತಣ್ಣಗೆ ಮಾಡಿ ಕೊಡಿ. ಕೆಂಪು ವೈನನ್ನು ಕೋಣೆಯ ಬಿಸಿಗೇ ಕುಡಿಯಬೇಕು ಅನ್ನೋದು ಯುರೋಪಿನ ತಂಪು ಕೋಣೆಗಳಿಂದ ಬಂದ ಮಾತು. ಅಲ್ಲಿ ಕೋಣೆ ಅಂದರೆ 16-18 ಡಿಗ್ರಿ. ಕಾರವಾರದ ಮಧ್ಯಾಹ್ನ 30 ದಾಟಿರುತ್ತದೆ. ಅಷ್ಟು ಬೆಚ್ಚಗಾದ ವೈನ್‌ನಲ್ಲಿ ಮೂಗಿಗೆ ಬಡಿಯೋದು ಬರೀ ಸ್ಪಿರಿಟ್ ವಾಸನೆ.

ತಣ್ಣಗೆ ಮಾಡೋದು ನಮ್ಮೂರಲ್ಲಿ ಕಷ್ಟವೇ ಅಲ್ಲ, ಅದೇ ನನಗೆ ಜಾಸ್ತಿ ಸಿಟ್ಟು ಬರಿಸಿದ್ದು. ಮೀನಿನ ಊರು ಇದು, ಐಸಿಗೆ ಬರವೇ? ಥರ್ಮಾಕೋಲ್ ಪೆಟ್ಟಿಗೆ ತಗೊಳ್ಳಿ, ಅರ್ಧ ಐಸು, ಅರ್ಧ ನೀರು, ಮೇಲಿಂದ ಒಂದೆರಡು ಹಿಡಿ ಕಲ್ಲುಪ್ಪು. ಬಾಟಲಿಯ ಕುತ್ತಿಗೆಯವರೆಗೆ ಮುಳುಗಬೇಕು. ಇಪ್ಪತ್ತು ನಿಮಿಷ ಸಾಕು. ಬರೀ ಐಸಿನಲ್ಲಿ ಇಟ್ಟರೆ ನಡುನಡುವೆ ಗಾಳಿ ಉಳಿಯುತ್ತದೆ, ನಿಧಾನ. ನೀರಿದ್ದರೆ ಗಾಜಿನ ಸುತ್ತ ಎಲ್ಲಾ ಕಡೆ ತಾಗುತ್ತದೆ. ಉಪ್ಪು ಹಾಕಿದರೆ ಆ ನೀರು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಬಿಳಿಗೆ 8-10 ಡಿಗ್ರಿ, ಸ್ಪಾರ್ಕ್ಲಿಂಗಿಗೆ ಇನ್ನೂ ಸ್ವಲ್ಪ ತಣ್ಣಗೆ. ಥರ್ಮಾಮೀಟರ್ ಬೇಡ, ಬಾಟಲಿ ಹಿಡಿದ ಕೈ ಚುಮುಗುಟ್ಟಿದರೆ ಆಯ್ತು. ಮೀನಿನ ಐಸನ್ನು ಮಾತ್ರ ಗ್ಲಾಸಿಗೆ ಹಾಕಬೇಡಿ, ಅದು ಬಾಟಲಿಯ ಹೊರಗಡೆಗೆ ಮಾತ್ರ.

ಎಲ್ಲಾ ಥರದ ತಿಂಡಿ ಇದೆ, ಒಂದೇ ಥರದ ವೈನ್ ತರಲು ಸಾಧ್ಯ ಅಂದರೆ ರೋಸೇ ತನ್ನಿ. ತಿಳಿ ಗುಲಾಬಿ ಬಣ್ಣದ್ದು. ಸಿಪ್ಪೆಯ ಜೊತೆ ಸ್ವಲ್ಪ ಹೊತ್ತು ಮಾತ್ರ ಇಟ್ಟು ತೆಗೆದಿರುತ್ತಾರೆ, ಒಗರು ಇಲ್ಲವೇ ಇಲ್ಲ ಅನ್ನಬಹುದು. ಮೀನು, ಕೋಳಿ, ಪತ್ರೊಡೆ, ಹಪ್ಪಳ ಯಾವುದರ ಜೊತೆಗೂ ಜಗಳ ಆಡೋದಿಲ್ಲ. ಲೆಕ್ಕವೂ ಸುಲಭ. 750 ಮಿಲಿಯ ಒಂದು ಬಾಟಲಿಗೆ 150 ಮಿಲಿಯ ಐದು ಗ್ಲಾಸು. ಸ್ಟಾರ್ಟರ್ ಹೊತ್ತಿಗೆ ತಲೆಗೆ ಎರಡು ಗ್ಲಾಸು ಅಂದರೆ ಹತ್ತು ಜನಕ್ಕೆ ನಾಲ್ಕು ಬಾಟಲಿ. ಒಂದು ಸ್ಪಾರ್ಕ್ಲಿಂಗ್, ಎರಡು ಶೆನಾನ್, ಒಂದು ರೋಸೇ. ಮೊನ್ನೆ ಇಷ್ಟು ಬಂದಿದ್ದರೆ ಆ ಕೆಂಪು ಬಾಟಲಿಗಳಿಗೆಲ್ಲಾ ಕೊಟ್ಟ ದುಡ್ಡಿಗಿಂತ ಎಷ್ಟೋ ಕಮ್ಮಿಯಲ್ಲಿ ಮುಗಿಯುತ್ತಿತ್ತು. ಕುಡಿಯದವರಿಗೆ ಮುರುಗಲು ಶರಬತ್ತನ್ನೂ ಅಷ್ಟೇ ತಣ್ಣಗೆ, ಅಷ್ಟೇ ಒಳ್ಳೆಯ ಗ್ಲಾಸಿನಲ್ಲಿ ಕೊಡಿ. ಗಾಡಿ ಓಡಿಸುವವರಿಗೂ ಅದೇ, ಒಂದು ಗುಟುಕು ಅನ್ನುವ ಒತ್ತಾಯ ಬೇಡ.

ಇಷ್ಟೊಂದು ಯಾಕೆ ಹಚ್ಚಿಕೊಂಡಿದ್ದಾಳೆ ಇವಳು ಅಂತ ಅನ್ನಿಸಬಹುದು. ಹಳಬರಿಗೆ ನಮ್ಮ ದೊಡ್ಡಪ್ಪನ ಕತೆ ಗೊತ್ತು. ಅವರು ಕುಡಿಯುವಾಗ ಮುಂದೆ ತಟ್ಟೆಯೇ ಇರುತ್ತಿರಲಿಲ್ಲ. ಹಸಿದ ಹೊಟ್ಟೆ, ಗೋಡೆ ಕಡೆ ಮುಖ, ಗಟಗಟ. ದೊಡ್ಡಮ್ಮ ಹುರಿದು ಇಟ್ಟ ಮೀನು ಆರಿ ತಣ್ಣಗಾಗಿ ಬೆಳಿಗ್ಗೆ ಬೆಕ್ಕಿಗೆ ಹೋಗುತ್ತಿತ್ತು. ಆ ಮನೆಯಲ್ಲಿ ಆಮೇಲೆ ಏನೇನಾಯ್ತು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಗೋವಾಕ್ಕೆ ಹೋದ ಮೇಲೆ ಮೊದಲ ಸಲ ನೋಡಿದೆ, ಅಜ್ಜ-ಅಜ್ಜಿ, ಮಕ್ಕಳು, ಸೊಸೆಯಂದಿರು ಒಂದೇ ಮೇಜಿಗೆ ಕೂತು, ಒಂದು ತುಂಡು ಮೀನು, ಒಂದು ಗುಟುಕು ವೈನ್, ನಡುವೆ ಮಾತು, ಎರಡು ಗಂಟೆಯಲ್ಲಿ ಒಂದೂವರೆ ಗ್ಲಾಸು. ಯಾರ ದನಿಯೂ ಏರಲಿಲ್ಲ. ಅವತ್ತು ನನಗೆ ಅಳು ಬಂದಿತ್ತು. ತಿಂಡಿಗೆ ಹೊಂದುವ ವೈನ್ ಇದ್ದರೆ ಜನ ತಿನ್ನುತ್ತಾರೆ, ನಿಧಾನ ಕುಡಿಯುತ್ತಾರೆ. ಹೊಂದದಿದ್ದರೆ ತಟ್ಟೆ ಬದಿಗೆ ಸರಿಯುತ್ತದೆ, ವಿಸ್ಕಿ ಬರುತ್ತದೆ. ಮೊನ್ನೆ ನನ್ನ ಕಣ್ಣೆದುರು ಆದದ್ದೂ ಅದೇ. ಮೂರು ಗಂಟೆ ಹೊತ್ತಿಗೆ ನೊಗ್ಲಿ ತಟ್ಟೆಯಲ್ಲಿ ಹಾಗೇ ಬಿದ್ದಿತ್ತು, ಇಬ್ಬರು ಜಗಳಕ್ಕೆ ನಿಂತಿದ್ದರು.

ಡಿಸೆಂಬರಿನಲ್ಲಿ ಹೊನ್ನಾವರದ ಕಡೆ ಹೋಗೋಣ ಅಂತ ಮಾತಾಗಿದೆಯಲ್ಲ. ಯಾರು ಯಾರು ಬರ್ತೀರಿ, ಯಾರು ಮೀನು ತಿನ್ನೋದಿಲ್ಲ, ಯಾರಿಗೆ ಖಾರ ಆಗೋದಿಲ್ಲ, ಯಾರು ಕುಡಿಯೋದಿಲ್ಲ, ಗುಂಪಿನಲ್ಲಿ ಈ ವಾರವೇ ಹಾಕಿ. ತಿಂಡಿ ಏನು ಅಂತ ನಿಕ್ಕಿಯಾದ ಮೇಲೆ ಬಾಟಲಿ ನಾನೇ ತರ್ತೇನೆ, ಐಸ್ ಪೆಟ್ಟಿಗೆಯೂ ನನ್ನದೇ. ಬಾಯಿ ಉರಿಸಿಕೊಂಡ ಆ ಗೆಳತಿಯನ್ನು ಹೇಗಾದರೂ ಒಪ್ಪಿಸಿ ಕರೆದುಕೊಂಡು ಬನ್ನಿ. ಅವಳಿಗೆ ಮೊದಲು ಒಂದು ಬಿಸಿ ರವೆ ಫ್ರೈ ಕೊಟ್ಟು, ಆಮೇಲೆ ತಣ್ಣನೆ ಶೆನಾನ್ ಸ್ವಲ್ಪವೇ ಸುರಿದು ಕೊಡ್ತೇನೆ. ಇಷ್ಟ ಆಗದಿದ್ದರೆ ಶರಬತ್ತು ಇದ್ದೇ ಇದೆ.